ಅತ್ತೆಯ ಹಳೆ ಸೀರೆ, ಮಗಳ ಹುಟ್ಟುಹಬ್ಬ: ಏನು ಹೊಲಿಯಲಿ, ಏನು ಸಿಹಿ ಮಾಡಲಿ?

ಬೈತಖೋಲ್ ಅಮ್ಮ (ಕಾರವಾರ), ಜುಲೈ 1

ಎಲ್ಲರಿಗೂ ನಮಸ್ಕಾರ. ಜುಲೈ 22ಕ್ಕೆ ನನ್ನ ಮಗಳಿಗೆ 4 ವರ್ಷ ತುಂಬುತ್ತದೆ. ಈ ಸಲ ಅಂಗಡಿಯಿಂದ ಏನೂ ತರದೆ ಎಲ್ಲ ಮನೆಯಲ್ಲೇ ಮಾಡಬೇಕು ಅಂತ ಆಸೆ. ಹೊಲಿಗೆ ನನಗೆ ಅಷ್ಟಕ್ಕಷ್ಟೆ. ಗುಂಡಿ ಹಚ್ಚುತ್ತೇನೆ, ಲಂಗದ ಅಂಚು ಮಡಿಸಿ ಹೊಲಿಯುತ್ತೇನೆ. ಮಷಿನ್ ಇಲ್ಲ.

ಕಳೆದ ವರ್ಷ ನಮ್ಮ ಅತ್ತೆ ತೀರಿಕೊಂಡರು. ಮಗಳು ಹುಟ್ಟಿದಾಗಿನಿಂದ ಅವರ ಹತ್ತಿರವೇ ಮಲಗುತ್ತಿದ್ದಳು, ಸೆರಗಿನ ತುದಿ ಮುಷ್ಟಿಯಲ್ಲಿ ಹಿಡಿದುಕೊಂಡರೆ ಮಾತ್ರ ನಿದ್ದೆ. ಈಗಲೂ ಅವರ ಒಂದು ಹಸಿರು ಸೀರೆಯನ್ನು ಮಡಿಸಿ ದಿಂಬಿನ ಪಕ್ಕ ಇಡುತ್ತೇನೆ, ಅದನ್ನು ಹಿಡಿದುಕೊಂಡೇ ಮಲಗುತ್ತಾಳೆ. ಅದು ಬಿಟ್ಟು ಇನ್ನೂ 5 ಹತ್ತಿ ಸೀರೆ ಕಪಾಟಿನಲ್ಲಿವೆ. ಎರಡು ಹರಿದಿವೆ, ಮೂರು ಚೆನ್ನಾಗಿವೆ. ಮಳೆಗಾಲದಲ್ಲಿ ಮಡಿಕೆಯಲ್ಲಿ ಬೂಸ್ಟು ಹಿಡಿಯುತ್ತಿದೆ. ಹಾಗೇ ಇಟ್ಟರೆ ಹಾಳಾಗುತ್ತವೆ ಅಂತ ನನ್ನ ಚಿಂತೆ. ನನ್ನ ಗಂಡನಿಗೆ ಮಾತ್ರ ಕತ್ತರಿ ಕಂಡರೇ ಆಗುವುದಿಲ್ಲ, "ಅವ್ವನ ಸೀರೆ ತುಂಡು ಮಾಡಬೇಡ" ಅಂತ ಒಂದೇ ಮಾತು ಹೇಳಿ ಎದ್ದು ಹೋಗುತ್ತಾರೆ.

ಸೀರೆಯಿಂದ ಮಗಳಿಗೆ ಏನಾದರೂ ಮಾಡಬಹುದಾ? ಮಾಡಲೇಬಾರದಾ? ಮಾಡುವುದಾದರೆ ನನ್ನಂಥವಳಿಗೆ 3 ವಾರದಲ್ಲಿ ಏನು ಸಾಧ್ಯ? ಸಿಹಿಗೂ ಏನಾದರೂ ಹೇಳಿ. ಕೇಕ್ ಕತ್ತರಿಸುವ ಹಟ ಅವಳಿಗೆ ಇದ್ದೇ ಇದೆ, ಆದರೆ ಕ್ರೀಮು ತಿಂದರೆ ಹೊಟ್ಟೆ ಕೆಡುತ್ತದೆ.

ಕುಮಟಾ ಟೇಲರ್, ಜುಲೈ 1

ಮೊದಲು ಒಂದು ಮಾತು. ಆ ಹಸಿರು ಸೀರೆ ಮುಟ್ಟಬೇಡಿ. ಕತ್ತರಿಸಬೇಡಿ, ಬೇರೆ ಯಾವುದಕ್ಕೂ ಸೇರಿಸಿ ಹೊಲಿಯಬೇಡಿ. ಮಗುವಿಗೆ ಅದರ ಮೆತ್ತಗೆ, ಅದರ ವಾಸನೆ, ಕೈಗೆ ಸಿಗುವ ಅಂಚು ಎಲ್ಲ ಗೊತ್ತು. ಸ್ವಲ್ಪ ಬದಲಾದರೂ ಗೊತ್ತಾಗಿಬಿಡುತ್ತದೆ. ನನ್ನ ಹತ್ತಿರ ಒಬ್ಬರು ಮಗು ಹಿಡಿದು ಮಲಗುವ ದುಪಟ್ಟಾ ತಂದು ಚೆಂದದ ಗೊಂಬೆ ಮಾಡಿಸಿಕೊಂಡು ಹೋದರು. ಆ ಮಗು ಗೊಂಬೆ ಎಸೆದು ದುಪಟ್ಟಾ ಎಲ್ಲಿ ಅಂತ ವಾರಗಟ್ಟಲೆ ಅತ್ತಿತಂತೆ. ನಾನೂ ಆಗ ಕೇಳಬೇಕಿತ್ತು, ಕೇಳಲಿಲ್ಲ. ಈಗ ಯಾರು ತಂದರೂ ಮೊದಲು ಕೇಳುತ್ತೇನೆ.

ಉಳಿದವುಗಳಲ್ಲಿ ಹರಿದ ಎರಡನ್ನು ಧೈರ್ಯವಾಗಿ ಬಳಸಿ. ಮೊದಲ ಸಲ ಹೊಲಿಯುವವರಿಗೆ ಬಟ್ಟೆಯ ಮೀನು ಸುಲಭ. ಕೈಕಾಲು ಇಲ್ಲ, ಕುತ್ತಿಗೆ ಇಲ್ಲ, ತಿರುಗಿಸುವಾಗ ಸಿಕ್ಕಿಹಾಕಿಕೊಳ್ಳುವ ಮೂಲೆ ಕಡಿಮೆ. ಕಾಗದದ ಮೇಲೆ ಒಂದು ಗೇಣು ಉದ್ದದ ಬಂಗಡೆ ಬರೆದು ಕತ್ತರಿಸಿ. ಬಟ್ಟೆ ಎರಡು ಪದರ ಮಾಡಿ, ಒಳಮೈ ಹೊರಗೆ ಬರುವ ಹಾಗೆ ಇಟ್ಟು, ಕಾಗದದ ಸುತ್ತ ಪೆನ್ಸಿಲ್ ಗೆರೆ ಹಾಕಿ, ಗೆರೆಯಿಂದ ಅರ್ಧ ಇಂಚು ಹೊರಗೆ ಕತ್ತರಿಸಿ. ಹಳೆ ಬಟ್ಟೆ ಎಳೆ ಬಿಟ್ಟುಕೊಳ್ಳುತ್ತದೆ, ಅದಕ್ಕೇ ಕಾಲು ಇಂಚು ಸಾಲದು. ಗೆರೆಯ ಮೇಲೆ ಹೊಲಿಯುವಾಗ ಸೂಜಿ ಒಂದು ಹೆಜ್ಜೆ ಮುಂದೆ ಹೋಗಿ ಅರ್ಧ ಹೆಜ್ಜೆ ಹಿಂದಕ್ಕೆ ಬಂದು ಮತ್ತೆ ಮುಂದೆ ಹೋಗಬೇಕು. ಸುಮ್ನೆ ಕಚ್ಚಾ ಹೊಲಿಗೆ ಹಾಕಿದರೆ ಒಳಗೆ ತುಂಬಿದ್ದು ಇಣುಕುತ್ತದೆ. ಹೊಟ್ಟೆಯ ಹತ್ತಿರ ಮೂರು ಬೆರಳು ಹೋಗುವಷ್ಟು ಜಾಗ ಬಿಡಿ. ಬಾಲ ಸೇರುವ ಒಳಮೂಲೆಯಲ್ಲಿ ಹೊಲಿಗೆ ತಾಗದ ಹಾಗೆ ಕತ್ತರಿಯಿಂದ ಒಂದು ಸಣ್ಣ ಗೀಟು ಕೊಡಿ, ಇಲ್ಲದಿದ್ದರೆ ತಿರುಗಿಸಿದಾಗ ಅಲ್ಲಿ ಸುಕ್ಕು ಬೀಳುತ್ತದೆ. ಆಮೇಲೆ ಒಳಹೊರಗು ಮಾಡಿ ತುಂಬಿಸಿ ಬಾಯಿ ಮುಚ್ಚಿ.

ಕಣ್ಣಿಗೆ ಗುಂಡಿ, ಮಣಿ ಬೇಡ. 4 ವರ್ಷದವಳು ಬಾಯಿಗೆ ಹಾಕದಿದ್ದರೂ ಅವಳ ಜೊತೆ ಆಡಲು ಬರುವ ಸಣ್ಣ ಮಕ್ಕಳು ಕಿತ್ತು ನುಂಗಬಹುದು. ಕಪ್ಪು ದಾರದಲ್ಲಿ ಕಣ್ಣು ಹೊಲಿಯಿರಿ. ಬಂಗಡೆಯ ಬೆನ್ನಿನ ಮೇಲಿನ ಅಂಕುಡೊಂಕು ಗೆರೆಗಳನ್ನೂ ಅದೇ ದಾರದಲ್ಲಿ ಹಾಕಿದರೆ ಕಾರವಾರದ ಮಗುವಿಗೆ ಇದು ಯಾವ ಮೀನು ಅಂತ ಹೇಳಿಕೊಡಬೇಕಾಗಿಲ್ಲ.

ಅಂಕೋಲೆಯವಳು, ಜುಲೈ 1

ಮೀನಿನ ಒಳಗೆ ಬೂರಲ ಹತ್ತಿ ತುಂಬಿಸಬಹುದಾ? ನಮ್ಮ ಮನೆಯ ಹಿಂದೆ ಮರ ಇದೆ, ಹತ್ತಿ ಡಬ್ಬದಲ್ಲಿ ತುಂಬಿಟ್ಟಿದ್ದೇನೆ, ಬೇಕಾದರೆ ಕಳಿಸುತ್ತೇನೆ.

ಕುಮಟಾ ಟೇಲರ್, ಜುಲೈ 2

ಬೂರಲ ಹತ್ತಿ ದಿಂಬಿಗೆ ಸರಿ, ಮಗುವಿನ ಗೊಂಬೆಗೆ ಬೇಡ. ನೀರು ಬಿದ್ದರೆ ಗಂಟು ಕಟ್ಟುತ್ತದೆ, ಹೊಲಿಗೆ ಬಿಟ್ಟರೆ ಹಾರಿ ಮೂಗಿಗೆ ಹೋಗುತ್ತದೆ. ಗೊಂಬೆ ಅಂದ ಮೇಲೆ ತೊಳೆಯಲೇಬೇಕಲ್ವಾ. ಫೈಬರ್ ತುಂಬಿಸಿದರೆ ಬೇಗ ಒಣಗುತ್ತದೆ. ಹೊಲಿದು ಉಳಿದ ಚಿಂದಿಯನ್ನೇ ಬೆರಳಿನ ಉಗುರಿನಷ್ಟು ಸಣ್ಣ ಮಾಡಿ ತುಂಬಿಸಬಹುದು, ಆದರೆ ಭಾರ ಆಗುತ್ತದೆ, ಜುಲೈ ಮಳೆಯಲ್ಲಿ ಒಣಗಲು ಮೂರು ದಿನ ಬೇಕು.

ಯಲ್ಲಾಪುರ ಸೂಜಿದಾರ, ಜುಲೈ 2

ತಂಗಿ, ನಿಮ್ಮ ಯಜಮಾನರು ಹೇಳುವುದರಲ್ಲೂ ಅರ್ಥ ಇದೆ. ಸೀರೆ ಕತ್ತರಿಸದೆಯೂ ಮಗುವಿಗೆ ಹೊದಿಕೆ ಮಾಡಬಹುದು. ಕವದಿ ಹೊಲಿಯಿರಿ.

ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕವದಿ ನೋಡಿದ್ದೀರಾ? ನಾನು ಕಲಿತಿದ್ದು ನಮ್ಮ ತೋಟದ ಪಕ್ಕದ ಮನೆಯ ಒಬ್ಬ ಸಿದ್ದಿ ಅಜ್ಜಿಯಿಂದ. ಅವರು ಅಳತೆ ಪಟ್ಟಿ ಮುಟ್ಟಿದ್ದನ್ನು ನಾನು ಕಂಡಿಲ್ಲ. ಹಳೆ ಸೀರೆ ಅಡಿಗೆ ಹಾಸಿ, ಒಂದು ಮೂಲೆಯಿಂದ ಶುರು ಮಾಡಿ, ಬಣ್ಣಬಣ್ಣದ ತುಂಡುಗಳನ್ನು ಅಂಚು ಮಡಿಸಿ ಇಡುತ್ತಾ, ಸುತ್ತಲೂ ಅಂಚಿನಲ್ಲಿ ಹೊಲಿಯುತ್ತಾ ಬರುತ್ತಾರೆ. ಒಂದು ಸುತ್ತು ಮುಗಿದ ಮೇಲೆ ಅದರ ಒಳಗೆ ಇನ್ನೊಂದು ಸುತ್ತು. ಹೀಗೆ ಹೊರಗಿನಿಂದ ನಡುವಿಗೆ ಬಂದು ಮುಗಿಯುತ್ತದೆ. ಮೇಲಿನ ತುಂಡು, ಕೆಳಗಿನ ಸೀರೆ ಎಲ್ಲ ಒಂದೇ ಹೊಲಿಗೆಯಲ್ಲಿ ಹಿಡಿದುಕೊಳ್ಳುತ್ತವೆ, ಮೊದಲು ಮೇಲ್ಭಾಗ ಮಾಡಿ ಆಮೇಲೆ ಜೋಡಿಸುವ ಕೆಲಸ ಇಲ್ಲ. ಕೊನೆಗೆ ನಾಲ್ಕು ಮೂಲೆಗೂ ತ್ರಿಕೋನ ಮಡಿಸಿದ ಬಟ್ಟೆ ಹಚ್ಚುತ್ತಾರೆ. ಅದಕ್ಕೆ ಹೂವು ಅಂತಲೇ ಕರೆಯುತ್ತಾರೆ. ಅದಿಲ್ಲದಿದ್ದರೆ ಕವದಿ ಬೆತ್ತಲೆ ಅಂತ ಆ ಅಜ್ಜಿ ಹೇಳುತ್ತಿದ್ದರು.

ನಿಮ್ಮ ಲೆಕ್ಕಕ್ಕೆ ಬರೋಣ. ಐದೂವರೆ ಮೀಟರ್ ಸೀರೆ ಅಂದರೆ ಸುಮಾರು 18 ಅಡಿ. ಚೆನ್ನಾಗಿರುವ ಒಂದು ಸೀರೆಯನ್ನು ಉದ್ದಕ್ಕೆ ನಾಲ್ಕು ಪದರ ಮಡಿಸಿದರೆ ನಾಲ್ಕೂವರೆ ಅಡಿ ಉದ್ದ, ಪೌಣೆ ನಾಲ್ಕು ಅಡಿ ಅಗಲ ಸಿಗುತ್ತದೆ. ಮಗುವಿಗೆ ಸರಿಯಾದ ಅಳತೆ, ಕತ್ತರಿ ಬೇಕಾಗಿಲ್ಲ. ಮೇಲಿನ ತುಂಡುಗಳಿಗೆ ಆ ಹರಿದ ಎರಡು ಸೀರೆ ಸಾಕು, ಜೊತೆಗೆ ಮಗಳ ಚಿಕ್ಕದಾದ ಅಂಗಿಗಳಿದ್ದರೆ ಅವನ್ನೂ ಸೇರಿಸಿ. ಮುಂದೆ ಯಾವಾಗಲಾದರೂ ಬೇಡ ಅನಿಸಿದರೆ ಹೊಲಿಗೆ ಬಿಚ್ಚಬಹುದು. ಅಡಿಯ ಸೀರೆ ಸೂಜಿಯ ತೂತು ಬಿಟ್ಟರೆ ಇಡಿಯಾಗಿಯೇ ಇರುತ್ತದೆ. ಇದನ್ನು ಯಜಮಾನರಿಗೆ ಹೇಳಿ ನೋಡಿ.

ಇಂಚಿಗೆ ಒಂದು ಸಾಲು ಅಂತ ಹಿಡಿದರೂ ಒಟ್ಟು ಸುಮಾರು 200 ಅಡಿ ಹೊಲಿಗೆ ಆಗುತ್ತದೆ. ಒಬ್ಬರೇ ಕೂತರೆ 3 ವಾರ ಕಷ್ಟ. ನೀವು ಬೈತಖೋಲ್ ಅಂತ ಹೆಸರು ಇಟ್ಟುಕೊಂಡಿದ್ದೀರಿ, ಅಲ್ಲಿ ಮೀನುಗಾರಿಕೆ ಬಂದರು ಇದೆಯಲ್ಲ. ಮನೆಯವರು ಬೋಟಿಗೆ ಹೋಗುವವರಾ? ಹಾಗಿದ್ದರೆ ಜುಲೈ 31ರ ತನಕ ಮಳೆಗಾಲದ ಮೀನುಗಾರಿಕೆ ಬಂದ್ ಇದೆಯಲ್ಲ, ಮನೆಯಲ್ಲೇ ಇರುತ್ತಾರೆ. ಬಲೆ ರಿಪೇರಿ ಮಾಡುವ ಕೈಗೆ ಕವದಿ ಏನು ದೊಡ್ಡದಲ್ಲ.

ಬೈತಖೋಲ್ ಅಮ್ಮ, ಜುಲೈ 3

ಅಕ್ಕ, ನಿಮ್ಮ ಬರಹ ಪೂರ್ತಿ ಅವರಿಗೆ ಓದಿ ಹೇಳಿದೆ. ಹೌದು, ಬೋಟಿಗೇ ಹೋಗುವವರು. ಏನೂ ಮಾತಾಡಲಿಲ್ಲ. ರಾತ್ರಿ ಊಟ ಆದ ಮೇಲೆ ತಾವೇ ಕಪಾಟು ತೆಗೆದು ಒಂದು ನೀಲಿ ಸೀರೆ ಹೊರಗೆ ಇಟ್ಟರು. "ಇದನ್ನು ಅಡಿಗೆ ಹಾಕು, ಅವ್ವ ಇದನ್ನೇ ಜಾಸ್ತಿ ಉಡುತ್ತಿದ್ದಳು" ಅಂದರು. ಅಷ್ಟೇ. ನಾನು ಆ ರಾತ್ರಿ ತುಂಬಾ ಹೊತ್ತು ನಿದ್ದೆ ಮಾಡಲಿಲ್ಲ.

ಈಗ ಒಂದೇ ತೊಂದರೆ, ಬೂಸ್ಟಿನ ವಾಸನೆ. ಹೊಲಿಯುವ ಮೊದಲು ಹೇಗೆ ತೊಳೆಯಲಿ?

ಯಲ್ಲಾಪುರ ಸೂಜಿದಾರ, ಜುಲೈ 3

ಬಿಸಿನೀರಿಗೆ ಸಾಬೂನು ಪುಡಿ ಹಾಕಿ ಅರ್ಧ ಗಂಟೆ ನೆನೆಸಿ. ಕೊನೆಯ ನೀರಿಗೆ ಅರ್ಧ ಲೋಟ ಬಿಳಿ ವಿನೆಗರ್ ಹಾಕಿದರೆ ವಾಸನೆ ಹೋಗುತ್ತದೆ. ಬ್ಲೀಚ್ ಮಾತ್ರ ಬೇಡ, ಹಳೆ ನೂಲು ಪುಸಕ್ಕನೆ ಹರಿಯುತ್ತದೆ. ಮಗಳ ಅಂಗಿಗಳಲ್ಲಿ ಕೆಂಪು, ಕಡು ನೀಲಿ ಇದ್ದರೆ ಒಂದು ಮೂಲೆ ಒದ್ದೆ ಮಾಡಿ ಬಿಳಿ ಬಟ್ಟೆಗೆ ಒತ್ತಿ ನೋಡಿ. ಬಣ್ಣ ಬಿಟ್ಟರೆ ಅದನ್ನು ಸೇರಿಸಬೇಡಿ, ಒಂದೇ ತೊಳೆತದಲ್ಲಿ ಇಡೀ ಕವದಿ ಹಾಳಾಗುತ್ತದೆ. ಹೊಸ ಬಟ್ಟೆ ಏನಾದರೂ ಇದ್ದರೆ ತೊಳೆದೇ ಬಳಸಿ. ಹತ್ತಿ ಮೊದಲ ತೊಳೆತಕ್ಕೆ ಕುಗ್ಗುತ್ತದೆ, ಪಕ್ಕದ ಹಳೆ ತುಂಡು ಕುಗ್ಗುವುದಿಲ್ಲ, ಆಗ ಅಲ್ಲೆಲ್ಲ ಎಳೆದ ಹಾಗೆ ಕಾಣುತ್ತದೆ.

ಒಣಗಿಸಲು ನಾವು ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟುತ್ತೇವೆ. ಸ್ವಲ್ಪ ಹೊಗೆ ವಾಸನೆ ಬರುತ್ತದೆ ನಿಜ, ನಮಗೆ ಅದು ಅಭ್ಯಾಸ. ನಿಮಗೆ ಬೇಡ ಅಂದರೆ ಫ್ಯಾನಿನ ಅಡಿ ಒಂದು ರಾತ್ರಿ ಹರಡಿ. ತಣ್ಣಗೆ ಅನಿಸುವಷ್ಟು ದಿನ ಮಡಿಸಬೇಡಿ.

ದಾರ ದಪ್ಪದ ಹತ್ತಿ ದಾರ ಇರಲಿ. ಯಜಮಾನರು ನೈಲಾನ್ ದಾರ ತರುತ್ತೇನೆ ಅಂದರೆ ಬೇಡ ಅನ್ನಿ. ಗಟ್ಟಿಯೇನೋ ಹೌದು, ಆದರೆ ಹಳೆ ಹತ್ತಿಯನ್ನು ಅದು ಕೊಯ್ಯುತ್ತದೆ.

ಶಿರಸಿ ಅಡುಗೆಮನೆ, ಜುಲೈ 4

ಹೊಲಿಗೆ ನನಗೆ ಬರುವುದಿಲ್ಲ, ಸಿಹಿಗೆ ಬರುತ್ತೇನೆ. ಕ್ರೀಮು ಇಲ್ಲದ ಕೇಕ್ ನಿಮ್ಮ ಕಾರವಾರದಲ್ಲೇ ಇದೆ. ತವಸಳಿ! ನಿಮ್ಮ ಕಡೆ ಕೊಂಕಣಿಯವರ ಮನೆಯಲ್ಲಿ ಮಳೆಗಾಲದ ಸೌತೆಕಾಯಿ ಬಂದ ಕೂಡಲೇ ಮಾಡುತ್ತಾರೆ. ನಮ್ಮ ಘಟ್ಟದ ಮೇಲೆ ಅದೇ ಸೌತೆಕಾಯಿಯ ಕಡುಬು. ನಾನು ಮದುವೆಯಾಗಿ ಬಂದ ಮೇಲೆ ಎರಡೂ ಕಲಿತೆ, ಮಕ್ಕಳಿಗೆ ತವಸಳಿಯೇ ಇಷ್ಟ.

ಒಂದು ಲೋಟ ರವೆಯನ್ನು ಒಂದು ಚಮಚ ತುಪ್ಪದಲ್ಲಿ ಘಮ್ಮೆನ್ನುವ ತನಕ ಹುರಿಯಿರಿ. ಬಣ್ಣ ಕೆಂಪಾಗಬಾರದು. ಅಕ್ಕಿ ರವೆ ಸಿಕ್ಕರೆ ಇನ್ನೂ ಒಳ್ಳೆಯದು. ಸೌತೆಕಾಯಿ ಬಲಿತದ್ದಿರಲಿ, ಸಿಪ್ಪೆ, ಬೀಜ ತೆಗೆದು ತುರಿದರೆ ಎರಡು ಲೋಟ ಆಗಬೇಕು. ತುರಿಯುವ ಮೊದಲು ತುದಿ ಕಚ್ಚಿ ನೋಡಿ. ಒಂದು ಕಾಯಿ ಕಹಿ ಇದ್ದರೂ ಇಡೀ ಪಾತ್ರೆ ಎಸೆಯಬೇಕು, ನನಗೆ ಒಮ್ಮೆ ಹಾಗಾಗಿದೆ. ತುರಿಗೆ ಮುಕ್ಕಾಲು ಲೋಟ ಬೆಲ್ಲ, ಅರ್ಧ ಲೋಟ ಕಾಯಿತುರಿ, ಒಂದು ಚಿಟಿಕೆ ಉಪ್ಪು, ಏಲಕ್ಕಿ ಹಾಕಿ ಹತ್ತು ನಿಮಿಷ ಬಿಡಿ. ನೀರು ತಾನೇ ಬಿಟ್ಟುಕೊಳ್ಳುತ್ತದೆ. ಆ ನೀರಿಗೇ ರವೆ ಕಲಸಿ, ಬೇರೆ ನೀರು ಹಾಕಬೇಡಿ. ಇಡ್ಲಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಇರಬೇಕು. ಅರ್ಧ ಗಂಟೆ ಬಿಟ್ಟು ನೋಡಿದರೆ ರವೆ ಉಬ್ಬಿರುತ್ತದೆ, ತೀರಾ ಗಟ್ಟಿ ಅನಿಸಿದರೆ ಆಗ ಎರಡು ಚಮಚ ಹಾಲು ಹಾಕಿ. ತುಪ್ಪ ಸವರಿದ ದುಂಡನೆಯ ಪಾತ್ರೆಗೆ ಸುರಿದು ಇಡ್ಲಿ ಪಾತ್ರೆಯಲ್ಲಿ 30 ನಿಮಿಷ ಬೇಯಿಸಿ. ಹಿಂದೆ ಮುಚ್ಚಳದ ಮೇಲೂ ಕೆಂಡ ಇಟ್ಟು ಬೇಯಿಸುತ್ತಿದ್ದರು, ಮೇಲ್ಮೈ ಕೆಂಪಗೆ ಆಗುತ್ತಿತ್ತು. ನಮಗೀಗ ಉಗಿಯೇ ಸಾಕು. ಪೂರ್ತಿ ಆರಿದ ಮೇಲೆ ಮಗುಚಿ ಹಾಕಿ. ಬಿಸಿಯಲ್ಲಿ ಮುಟ್ಟಿದರೆ ಪುಡಿಯಾಗುತ್ತದೆ. ಮೇಣದಬತ್ತಿ ಚುಚ್ಚಲು ಏನೂ ಅಡ್ಡಿಯಿಲ್ಲ.

ಇನ್ನೊಂದು, ರಾಗಿ ಮಣ್ಣಿ. ಇದನ್ನು ಹೇಳಲು ಕಾರಣ ಇದೆ. ಕುಮಟಾ ಟೇಲರ್ ಅವರು ಹೇಳಿದ ಮೀನಿನ ಕಾಗದ ಎಸೆಯಬೇಡಿ. ಮಣ್ಣಿಯನ್ನು ತಟ್ಟೆಗೆ ಸುರಿದು ಆರಿದ ಮೇಲೆ ಅದೇ ಕಾಗದದ ಸಣ್ಣ ರೂಪ ಮೇಲಿಟ್ಟು ಚಾಕುವಿನಿಂದ ಸುತ್ತ ಕೊಯ್ದರೆ ಮೀನಿನ ಮಣ್ಣಿ ಆಗುತ್ತದೆ. ಕೈಯಲ್ಲೂ ಮೀನು, ತಟ್ಟೆಯಲ್ಲೂ ಮೀನು.

ಒಂದು ಲೋಟ ರಾಗಿಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಅರ್ಧ ಲೋಟ ಕಾಯಿತುರಿ ಹಾಕಿ ನುಣ್ಣಗೆ ಬೀಸಿ, ತೆಳು ಬಟ್ಟೆಯಲ್ಲಿ ಸೋಸಿ. ಚರಟವನ್ನು ಮತ್ತೆ ನೀರು ಹಾಕಿ ಬೀಸಿ ಇನ್ನೊಮ್ಮೆ ಸೋಸಿ. ಎಲ್ಲ ಸೇರಿ ನಾಲ್ಕು ಲೋಟ ಹಾಲು ಬರಬೇಕು. ಒಂದು ಲೋಟ ಬೆಲ್ಲ ಕರಗಿಸಿ ಸೋಸಿ ಹಾಕಿ, ಬೆಲ್ಲದಲ್ಲಿ ಮರಳು ಇದ್ದೇ ಇರುತ್ತದೆ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿ ಇಟ್ಟು ಕೈ ಬಿಡದೆ ಮಗುಚಬೇಕು. ಮೊದಲು ಏನೂ ಆಗುವುದಿಲ್ಲ ಅನಿಸುತ್ತದೆ, ಆಮೇಲೆ ಒಮ್ಮೆಲೇ ಗಟ್ಟಿಯಾಗುತ್ತದೆ, ಆ ಹೊತ್ತಿಗೆ ಫೋನ್ ಬಂದರೂ ಎತ್ತಬೇಡಿ. ತುಪ್ಪ ಹಾಕಿ ಮಗುಚುತ್ತಿದ್ದರೆ ಬಾಣಲೆ ಬಿಟ್ಟು ಒಂದೇ ಮುದ್ದೆಯಾಗಿ ತಿರುಗುತ್ತದೆ. ಒದ್ದೆ ಬೆರಳಲ್ಲಿ ಮುಟ್ಟಿ ನೋಡಿ, ಅಂಟದಿದ್ದರೆ ಆಯಿತು. ತುಪ್ಪ ಸವರಿದ ತಟ್ಟೆಗೆ ಸುರಿದು ಸಮ ಮಾಡಿ. ಮೀನು ಕತ್ತರಿಸಬೇಕು ಅಂದರೆ ಎರಡು ಗಂಟೆಯಾದರೂ ಆರಬೇಕು.

ಜೋನಿ ಬೆಲ್ಲ ಇದ್ದರೆ ಅದನ್ನೇ ಹಾಕಿ. ಅದು ನೀರಾಗಿರುವುದರಿಂದ ರಾಗಿ ಹಾಲು ಅರ್ಧ ಲೋಟ ಕಡಿಮೆ ಮಾಡಿ. ನಮ್ಮ ಕಡೆ ಆಲೆಮನೆಯಲ್ಲಿ ತೆಗೆದದ್ದು ಇನ್ನೂ ಇದೆ, ಕಾರವಾರದ ಬಸ್ಸಿಗೆ ಒಂದು ಡಬ್ಬ ಹಾಕಲಾ? ತೊಡೆದೇವೂ ಸ್ವಲ್ಪ ಕಟ್ಟುತ್ತೇನೆ. ಅದನ್ನು ನೀವು ಮನೆಯಲ್ಲಿ ಮಾಡಲು ಹೋಗಬೇಡಿ. ಗಡಿಗೆ ಕವುಚಿ ಹಾಕಿ, ಅಡಿಯಲ್ಲಿ ಉರಿ ಇಟ್ಟು, ಕೋಲಿಗೆ ಸುತ್ತಿದ ಬಟ್ಟೆಯಿಂದ ಅಕ್ಕಿಹಿಟ್ಟಿನ ನೀರನ್ನು ಬಳಿದು, ಕಾಗದದ ಹಾಗೆ ಏಳುವಾಗ ಬಿಸಿಯಲ್ಲೇ ಮಡಿಸಬೇಕು. ನನಗೆ ಕೈ ಕೂಡಲು ಎರಡು ವರ್ಷ ಬೇಕಾಯಿತು. ಬಂದ ಕೂಡಲೇ ಗಾಳಿಯಾಡದ ಡಬ್ಬಕ್ಕೆ ಹಾಕಿ, ಕರಾವಳಿಯ ಮಳೆಗಾಳಿ ತಾಗಿದರೆ ಒಂದು ಗಂಟೆಯಲ್ಲಿ ಮೆತ್ತಗಾಗುತ್ತದೆ. ಮಗುವಿಗೆ ಮುರಿದು ಬಿಸಿ ಹಾಲು, ತುಪ್ಪ ಹಾಕಿ ಕೊಡಿ.

ಅಂಕೋಲೆಯವಳು, ಜುಲೈ 4

ಅರಿಶಿನ ಎಲೆ ಈಗ ಎಳೆಯದು ಬಂದಿದೆ. ಅದರಲ್ಲಿ ಕಾಯಿ ಬೆಲ್ಲದ ಕಡುಬು ಮಾಡಿದರೆ ಎಣ್ಣೆಯೂ ಬೇಡ, ಮನೆಯೆಲ್ಲ ಪರಿಮಳ. ಎಲೆಯ ಮೇಲೆ ಅಕ್ಕಿ ಹಿಟ್ಟು ಸವರುವ ಕೆಲಸ ಮಗುವಿಗೇ ಕೊಡಿ, ಬೆರಳು ಹಾಕಿ ಆಡುತ್ತಾ ಮಾಡುತ್ತವೆ. ಬರುವ ಮಕ್ಕಳಲ್ಲಿ ಸಣ್ಣವರು ಇದ್ದರೆ ಶೇಂಗಾ ಉಂಡೆ, ಇಡೀ ಗೋಡಂಬಿ ಹಾಕಿದ ಸಿಹಿ ಮಾತ್ರ ಇಡಬೇಡಿ. ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಕಲೇಬೇಕು ಅಂದರೆ ಪುಡಿ ಮಾಡಿ ಹಾಕಿ.

ಬೈತಖೋಲ್ ಅಮ್ಮ, ಜುಲೈ 13

ಶಿರಸಿ ಅಕ್ಕ, ಡಬ್ಬ ಬಂತು. ಏನು ಹೇಳಲಿ ಗೊತ್ತಾಗುತ್ತಿಲ್ಲ. ಮುಖ ಕಾಣದವರು ಇಷ್ಟು ಮಾಡುತ್ತಾರಾ ಅಂತ ನಮ್ಮ ಮನೆಯವರೂ ಅಂದರು.

ಕವದಿ ಅರ್ಧ ದಾಟಿದೆ. ನಾನು ಒಂದು ಮೂಲೆಯಿಂದ, ಅವರು ಎದುರಿನ ಮೂಲೆಯಿಂದ ಸುತ್ತಿಕೊಂಡು ಬರುತ್ತಿದ್ದೇವೆ. ಅವರ ಹೊಲಿಗೆ ನೇರ, ನನ್ನದು ಸೊಟ್ಟ. ಹಗಲು ಬಂದರಿನಲ್ಲಿ ಬಲೆ ರಿಪೇರಿ, ರಾತ್ರಿ ಮಗಳು ಮಲಗಿದ ಮೇಲೆ ಇದು. ಯಲ್ಲಾಪುರ ಅಕ್ಕ, ಇಬ್ಬರ ಸಾಲು ನಡುವೆ ಸೇರುವಾಗ ಒಂದು ಕಡೆ ಬಟ್ಟೆ ಉಬ್ಬಿ ನಿಂತಿದೆ. ಬಿಚ್ಚಬೇಕಾ?

ಯಲ್ಲಾಪುರ ಸೂಜಿದಾರ, ಜುಲೈ 13

ಬಿಚ್ಚಬೇಡಿ. ಉಬ್ಬಿದ್ದನ್ನು ಒಂದು ಕಡೆಗೆ ಮಡಿಕೆ ಮಾಡಿ ಒತ್ತಿ, ಅದರ ಮೇಲೆ ಒಂದು ತುಂಡು ಇಟ್ಟು ಹೊಲಿಯಿರಿ. ಇನ್ನು ಮುಂದೆ ಹೊಲಿಯುವಾಗ ನೆಲದ ಮೇಲೆ ಪೂರ್ತಿ ಹಾಸಿ, ತೊಡೆಯ ಮೇಲೆ ಎಳೆದುಕೊಂಡು ಹೊಲಿಯಬೇಡಿ, ಅದಕ್ಕೇ ಅಡಿಯ ಸೀರೆ ಸರಿಯುತ್ತದೆ. ಸೊಟ್ಟ ಸಾಲಿನ ಬಗ್ಗೆ ಚಿಂತೆ ಬೇಡ. ಯಾರು ಎಲ್ಲಿ ಹೊಲಿದರು ಅಂತ ಮಗಳಿಗೆ ಮುಂದೆ ತೋರಿಸಬಹುದು.

ಬೈತಖೋಲ್ ಅಮ್ಮ, ಜುಲೈ 24

ನಿನ್ನೆಯೇ ಬರೆಯಬೇಕಿತ್ತು, ಮಳೆಗೆ ಕರೆಂಟ್ ಇರಲಿಲ್ಲ.

ತವಸಳಿ ಚೆನ್ನಾಗಿ ಬಂತು, ಒಂದು ಬದಿ ಪಾತ್ರೆಗೆ ಅಂಟಿತು, ಕಾಯಿತುರಿ ಉದುರಿಸಿ ಮುಚ್ಚಿದೆ. ಮಣ್ಣಿಯಲ್ಲಿ 14 ಮೀನು ಆದವು. ಪಕ್ಕದ ಮನೆಯ ಮಕ್ಕಳು ಮೊದಲು ಬಾಲ ತಿಂದರು, ನನ್ನ ಮಗಳು ಮಾತ್ರ ತನ್ನ ಮೀನು ತಿನ್ನಲು ಬಿಡದೆ ಬಟ್ಟೆಯ ಮೀನಿನ ಪಕ್ಕ ಮಲಗಿಸಿದಳು, ಇರುವೆ ಬಂದ ಮೇಲೆ ನಾನು ಕದ್ದು ತೆಗೆದೆ. ಬಟ್ಟೆಯ ಬಂಗಡೆ ಪೂರ್ತಿ ಅವಳ ಅಪ್ಪ ಹೊಲಿದದ್ದು. ಬೆನ್ನಿನ ಗೆರೆ ಎಷ್ಟು ಅಂತ ನಿಜವಾದ ಬಂಗಡೆ ನೋಡಿ ಎಣಿಸಿದ್ದಾರೆ.

ಕವದಿ 21ರ ರಾತ್ರಿ ಎರಡು ಗಂಟೆಗೆ ಮುಗಿಯಿತು. ನಾಲ್ಕನೇ ಮೂಲೆಯ ಹೂವು ಬಾಕಿ ಇದ್ದಾಗ ನನಗೆ ಕಣ್ಣು ಎಳೆಯುತ್ತಿತ್ತು, ಬೆಳಿಗ್ಗೆ ಹಚ್ಚೋಣ ಅಂದೆ. ಅವರು ಕೇಳಲಿಲ್ಲ, ತಾವೇ ಕೂತು ಹಚ್ಚಿದರು. ಮರುದಿನ ಹೊದಿಸಿದಾಗ ಮಗಳು ಏನೂ ಹೇಳಲಿಲ್ಲ. ಅಡಿಯ ನೀಲಿ ಸೀರೆಯ ಅಂಚನ್ನು ಬೆರಳಲ್ಲಿ ಹುಡುಕಿ ಹಿಡಿದುಕೊಂಡಳು. ಇನ್ನೊಂದು ಕೈಯಲ್ಲಿ ಹಸಿರು ಸೀರೆ ಇತ್ತು, ಅದನ್ನು ಬಿಡಲಿಲ್ಲ.

ಇನ್ನೂ ಎರಡು ಸೀರೆ ಉಳಿದಿವೆ. ಅಂಕೋಲೆಯವರೇ, ಆ ಬೂರಲ ಹತ್ತಿ ಇನ್ನೂ ಇದ್ದರೆ ಕಳಿಸುತ್ತೀರಾ? ನಮ್ಮ ಮನೆಯವರು ಬೋಟಿನಲ್ಲಿ ತಲೆಗೆ ಹಾಕಿಕೊಳ್ಳಲು ಒಂದು ದಿಂಬು ಬೇಕು ಅಂದಿದ್ದಾರೆ. ಆಗಸ್ಟ್ 1ಕ್ಕೆ ಹೊರಡುತ್ತಾರೆ.